ಎಡಚನ ಪೆಟ್ಟು

ಆ ಹೆಸರಿಗೆ ನನ್ನ ನಾಲಿಗಿ ಹೊಳ್ಳೂದಿಲ್ಲ,
ಇಟಲಿ ದೇಶದ್ದು ಅಂತ ಅಷ್ಟ ಗೊತ್ತು.
ಮಡಗಾಂವದ ನಮ್ಮ ಗ್ಯಾರೇಜಿಗೆ
ಟೆಂಪೋದ ಬೆನ್ನ ಮ್ಯಾಲ ಬಂತು,
ನಾಕೂ ಗಾಲಿ ಗಾಳಿ ಬಿಟ್ಟು.
ಡಿಕ್ಕಿಯೊಳಗ ಬೆಕ್ಕೊಂದು ಮರಿ ಹಾಕಿತ್ತು.
ಮರಿ ಕಣ್ಣು ತೆರೀಲಿ ಅಂತ ಎರಡು ವಾರ ಕಾದ್ವಿ.

ಆಮ್ಯಾಲ ನಾ ಬಣ್ಣ ಕೆರಿಯಾಕ ಕುಂತೆ.
ಮ್ಯಾಲ ಬಿಳಿ. ಬಿಳಿ ಕೆಳಗ ಪಾಚಿ ಹಸರು.
ಹಸರಿನ ಕೆಳಗ, ಗಾಯ ಮಾದಮ್ಯಾಲ ಉಳಿಯೂ ಚರ್ಮದಂಥಾ ಕೆಂಪು.
ಕೆಂಪಿನೊಳಗ ಒಂದು ಗುಂಡು, ಗುಂಡಿನೊಳಗ ಅರ್ಧ ಅಳಿಸಿದ ಅಂಕಿ,
ಹದಿನೇಳೋ, ಹತ್ತೊಂಬತ್ತೋ.
"ಮಾಮಾ, ಇದು ಓಟಕ್ಕ ಹ್ವಾದ ಗಾಡಿ," ಅಂದ ದಾವಲ.
ಪೆಡಲಿಗೂ ತೂತು, ಸೀಟಿನ ಪಟ್ಟಿಗೂ ತೂತು,
ಕದದ ಹಿಡಿಕಿ ಕೂಡ ಜರಡಿ.
ತೂಕ ಇಳಸಾಕ ಕೊರದಾರ;
ಉಪಾಸ ಕೆಡವಿ ಕುಸ್ತಿಗೆ ಬಿಟ್ಟಂಗ.

ಮುಂಬೈದಿಂದ ಪಾರ್ಸಿ ಸಾಹೇಬ ಬಂದ, ಜಾಲ್ ಪಂಥಕಿ,
ಕಿಸೆಯೊಳಗ ಭೂತಗನ್ನಡಿ, ಬಗಲಾಗ ಕಾಗದದ ಗಂಟು.
ಬಾನೆಟ್ಟಿನ ಕೆಳಗ ಒತ್ತಿದ ನಂಬರಿನ ಮ್ಯಾಲ
ತೆಳ್ಳನ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿದ.
ಎಂಟರ ಹೊಟ್ಟಿಯೊಳಗ ಮೂರೊಂದು ಮಲಗಿತ್ತು.
ಸಾಹೇಬನ ಕೈ ನಡಗಿತು.
"ಕಾರ್ಖಾನಿ ಇಂಥಾವು ಮೂರ ಮೂರು ಮಾಡಿತ್ತು.
ಒಂದು ಗುಡ್ಡದಿಂದ ಉರುಳಿ ಸುಟ್ಟು ಹೋತು.
ಒಂದನ್ನ ಗಾಜಿನ ಮನಿಯೊಳಗ ಇಟ್ಟಾರ.
ಮೂರನೇದು ಒಡದು ಕರಗಿಸಿದ್ವಿ ಅಂತ
ಅವರ ವಹಿಯೊಳಗ ಸಹಿ ಐತಿ, ಸಿಕ್ಕಾ ಐತಿ."

ವಹಿ ಪ್ರಕಾರ ನಾ ಕೆರಿಯಾಕ ಹತ್ತಿದ್ದು ಹೆಣ.

ಇಲ್ಲಿಗೆ ಹೆಂಗ ಬಂತು?
ಒಡತಿ ಎರ್ಮೆಲಿಂದಾ ಬಾಯಿ ಹೇಳೂದು:
ಪೋರ್ತುಗೀಜರಿದ್ದ ಕಾಲ. ಮುರ್ಗಾಂವ ಬಂದರಕ್ಕ
ಹೊಲಿಗಿ ಮಷೀನ ಅಂತ ಚೀಟಿ ಹಚ್ಚಿದ ಪೆಟಗಿ ಇಳೀತು.
ಅದಿರಿನ ಹಡಗದ ಇಂಜಿನಿಯರ ಒಬ್ಬ
ಇಸ್ಪೀಟಿನಾಗ ಸೋತು ಅವರಪ್ಪಗ ಅದನ್ನ ಬಿಟ್ಟುಕೊಟ್ಟ.
ಸಮುದ್ರ ಹಿಂದ ಸರದಾಗ ಕೋಲ್ವಾದ ಹಸಿ ಉಸುಕಿನ ಮ್ಯಾಲ
ಅಪ್ಪ ಓಡಸ್ತಿದ್ದ, ಒಬ್ಬನ.
ಮೀನಗಾರರು ಬಲಿ ಎತ್ತಿ ದಾರಿ ಬಿಡ್ತಿದ್ರು,
ಸೈತಾನ ಬಂದ ಅಂತ ಎದಿಮ್ಯಾಲ ಶಿಲುಬಿ ಬರಕೊಂತ.
ಪಂಥಕಿ ಇದನ್ನೆಲ್ಲ ಬರಕೊಳ್ಳಲಿಲ್ಲ.
ಅವಗ ಕಾಗದ ಬೇಕು.

ನನಗ ಇಂಗ್ಲೀಷ ಕಾಗದ ಓದಾಕ ಬರೂದಿಲ್ಲ. ಪತ್ರಾ ಓದತೇನಿ.
ಎಡಗಡೆ ಕದದ ಒಳಮೈ ಬಿಚ್ಚಿದೆ:
ಸುತ್ತಿಗಿ ಕಲಿ, ಮೀನಿನ ಹುರುಪಿಯಂಗ ಸಾಲು ಸಾಲು,
ಎಲ್ಲಾ ಒಂದ ಕಡೆ ವಾಲ್ಯಾವು.
ಎಡಚ.
ನಮ್ಮಪ್ಪನೂ ಎಡಚ. ಕುಲುಮಿಯೊಳಗ ಅವನ ಎದುರು
ಯಾರೂ ನಿಲ್ಲತಿದ್ದಿಲ್ಲ, ಪೆಟ್ಟು ಎತ್ತಾಗಿಂದ ಬರತೈತೋ ಅಂತ.
ಇವ ಯಾರಪ್ಪ, ಯಾ ಊರಾವ,
ಹಣಿ ಬೆವರು ಯಾ ತೋಳಿಗೆ ಒರಸ್ತಿದ್ದ?
ಒಂದು ಜಾಗಾದಾಗ ತಾಳ ತಪ್ಪೇತಿ:
ಮೂರು ಪೆಟ್ಟು, ಆಳ, ಒಂದರ ಮ್ಯಾಲೊಂದು.
ಸಿಟ್ಟೋ, ಊಟದ ಗಂಟಿ ಹೊಡೀತೋ,
ಬಾಗಲಿಗೆ ಯಾರರೆ ಬಂದು ಕರದ್ರೋ.

"ಎಲ್ಲಾ ನುಣ್ಣಗ ಮಾಡು, ಕನ್ನಡಿಯಂಗ," ಅಂದ ಪಂಥಕಿ.
ಪರದೇಶದಾಗ ಎಲ್ಲೋ ಹರಾಜು ಐತಂತ.
ಮಾಡಿದೆ. ಹೊರಗ ಮಾಡಿದೆ.
ಒಳಗಿನ ಆ ಮೂರು ಪೆಟ್ಟು ಮುಟ್ಟಲಿಲ್ಲ.
ಬಾಜೂಕ ನಂದೂ ಒಂದು ಕುಂದರ್ಸಿದೆ, ಹಗೂರಕ,
ಬಲಗೈದು.
ಚರ್ಮ ಹೊದಿಸಿ ತಿರುಪು ಬಿಗದೆ.

ಸಂಜಿಗೆ ಇಂಜಿನ ಹಚ್ಚಿದ್ರು.
ಫಳಿಮ್ಯಾಲಿನ ಚಾದ ಗ್ಲಾಸು ತಾವ ನಡಕೊಂತ ಹೋಗಿ ಬಿದ್ದು ಒಡದ್ವು.
ಬೆಕ್ಕು ಮರಿ ಕಚ್ಚಿಕೊಂಡು ಮಾಳಿಗಿ ಹತ್ತಿತು.
ಎರ್ಮೆಲಿಂದಾ ಬಾಯಿ ನಂಬರ ಕೇಳಲಿಲ್ಲ, ರೇಟು ಕೇಳಲಿಲ್ಲ.
"ಒಳಗ ಏನರೆ ಸಿಕ್ತೇನು, ಮೌನೇಶ?"
ಕದದ ಹೊಸ್ತಿಲ ಕೊಯ್ದಾಗ ಸುರದದ್ದು
ಡಬ್ಬಿಯೊಳಗ ತಗದಿಟ್ಟಿದ್ದೆ:
ಒಂದು ಬೊಗಸಿ ಉಸುಕು, ಎರಡು ಸಣ್ಣ ಚಿಪ್ಪಿ.
ಅಂಗೈಯೊಳಗ ಸುರುವಿಕೊಂಡು ಮೂಸಿದಳು,
ನಾಲಿಗಿ ತುದಿಗೆ ಹಚ್ಚಿ ನೋಡಿದಳು.
"ಉಪ್ಪು ಹೋಗೇತಿ," ಅಂದು
ಬಾಗಲಾಗಿನ ಕ್ರೋಟನ್ ಗಿಡದ ಬುಡಕ್ಕ ಚೆಲ್ಲಿದಳು.
ಚಿಪ್ಪಿ ಎರಡೂ ದಾವಲ ಇಟಗೊಂಡ.