ಯಾವ ಒಕ್ಕ?

ನಮ್ಮಲ್ಲಿ ಹೆಸರಿಗಿಂತ ಮೊದಲು ಒಕ್ಕ ಕೇಳುತ್ತಾರೆ.
ಮದುವೆ ಮಂಟಪದಲ್ಲಿ, ಗೋಣಿಕೊಪ್ಪದ ಬಸ್ಸಿನಲ್ಲಿ,
ಹಂದಿಮಾಂಸದ ಅಂಗಡಿಯ ಸಾಲಿನಲ್ಲಿ:
ಯಾವ ಒಕ್ಕ?
ಉತ್ತರ ಸಿಕ್ಕಿತೋ, ಮುಖ ಸಡಿಲ.
ಓ, ನಿಮ್ಮಜ್ಜಿ ನಮ್ಮ ನಾಡಿನವರೇ ಅಲ್ವಾ!

ಮಡಿಕೇರಿ ಆಸ್ಪತ್ರೆ. ಮಾರ್ಚ್. ರಾತ್ರಿ ಪಾಳಿ.
ಕಿಟಕಿ ತೆರೆದರೆ ಕಾಫಿ ಹೂವಿನ ವಾಸನೆ,
ಮುಚ್ಚಿದರೆ ಇನ್‌ಕ್ಯುಬೇಟರಿನದು,
ಹುಳಿ ಬಂದ ಗಂಜಿಯ ಹಾಗೆ, ಬೆಚ್ಚಗೆ.
ಮುಚ್ಚಿಯೇ ಇರಬೇಕು. ನಿಯಮ.

ಎಂಟೂಕಾಲಿಗೆ ಯಂತ್ರ ಕೂಗಿತು:
ನಿನ್ನೆ ಇಟ್ಟ ರಕ್ತದಲ್ಲಿ ಏನೋ ಬೆಳೆಯುತ್ತಿದೆ.
ಬಾಟಲಿಯ ಮೇಲೆ: ಪಣಿಎರವರ ಬೊಳಕ, ಇಪ್ಪತ್ತನಾಲ್ಕು, ಲೈನ್ ಮನೆ.
ಒಕ್ಕದ ಹೆಸರಿರುವ ಜಾಗದಲ್ಲಿ ಜಾತಿ.
ಅವರೆಲ್ಲರಿಗೂ ಹಾಗೆಯೇ ಬರೆಯುತ್ತಾರೆ,
ನಾನೂ ಬರೆದಿದ್ದೇನೆ.
ಮೆಣಸು ಕೊಯ್ಯುತ್ತ ಸಿಲ್ವರ್ ಮರದಿಂದ
ಏಣಿಯ ಸಮೇತ ಬಿದ್ದವನು.
ತೊಡೆಯಲ್ಲಿ ಸರಳು. ಆರು ದಿನದ ಜ್ವರ. ಮೂರನೆಯ ಔಷಧ.

ಡಾಕ್ಟರ್ ಮಹಾದೇವಿ ಮೆಟ್ಟಿಲಿಳಿದು ಬಂದಳು,
ಸಿಂದಗಿಯ ಹುಡುಗಿ, ಎರಡು ಸ್ವೆಟರಿನೊಳಗೆ:
"ಕತ್ತಲದಾಗ ಕಲ್ಲ ಒಗದಂಗ ಆಗೇದ್ರಿ ಅಕ್ಕಾ.
ನಿಮ್ಮ ತಟ್ಟೆ ಮಾತಾಡೂದ್ರಾಗ ನಾಡದು ಆಗ್ತದ.
ಅಂವಾ ನಾಡದತನಕ ಇರಂಗಿಲ್ಲ."

ಬೀರುವಿನಲ್ಲಿ ಹೊಸ ಪಟ್ಟಿಗಳ ಡಬ್ಬ.
ಇಪ್ಪತ್ತೇ ಇರುವುದು, ಕೇಳದೆ ಮುಟ್ಟಬೇಡಿ
ಎಂದಿದ್ದರು ನಾಣಯ್ಯ ಸರ್.
ಅವರ ಫೋನು ವ್ಯಾಪ್ತಿ ಪ್ರದೇಶದ ಹೊರಗೆ.
ಮುಟ್ಟಿದೆ.

ರಕ್ತ ಗಿರಗಿರ ತಿರುಗಿಸಿ, ತೊಳೆದು,
ತಳದ ಬೂದಿಯಂಥದ್ದನ್ನು ಕಲಕಿ
ಮೂರು ಹನಿ, ಪುಟ್ಟ ಕಿಟಕಿಗೆ.
ಬಸಿರಿನ ಪಟ್ಟಿಯಂಥದೇ ಪಟ್ಟಿ.
ಇದು ಕೇಳುವ ಪ್ರಶ್ನೆ ಬೇರೆ:
ಒಳಗೆ ಸೇರಿದವನೇ, ನಿನ್ನದು ಯಾವ ಒಕ್ಕ?

ಹದಿನೈದು ನಿಮಿಷ.
ಮೊದಲ ಗೆರೆ ಬಂತು. ಪಟ್ಟಿ ಸರಿಯಿದೆ ಎಂದಷ್ಟೇ ಅದರರ್ಥ.
ಆಮೇಲೆ ಬಿಳಿ. ಬಿಳಿ.
ಮಹಾದೇವಿ ಉಗುರು ಕಚ್ಚಿದಳು.
ಒಂಬತ್ತನೆಯ ನಿಮಿಷಕ್ಕೆ ಎನ್ ಅಕ್ಷರದೆದುರು
ತೊಳೆದ ಸೀರೆಯ ಅಂಚಿನಷ್ಟು ಕೆಂಪು,
ಇದೆಯೋ ಇಲ್ಲವೋ ಎಂಬಂತೆ. ಇದೆ.

ಕೊನೆಯ ಬೀಗವನ್ನೂ ಮುರಿಯಬಲ್ಲವರು ಇವರು.
ನಮ್ಮ ಹಾಗೆ ಮನೆತನದ ಹಂಗಿಲ್ಲ ಇವರಿಗೆ,
ದಾರಿಯಲ್ಲಿ ಸಿಕ್ಕ ಬೇರೆ ಕುಲದವನಿಗೂ
ವಿದ್ಯೆ ಬರೆದ ಉಂಗುರ ತೊಡಿಸಿ ಹೋಗುತ್ತಾರೆ,
ನಿಶ್ಚಿತಾರ್ಥವಿಲ್ಲದೆ, ಹಿರಿಯರನ್ನು ಕೇಳದೆ.

ಮೂರನೆಯ ಔಷಧ ಆಗಲೇ ನಿಂತಿತು.
ಬೇಕಾದ ಎರಡು ನಮ್ಮಲ್ಲಿರಲಿಲ್ಲ.
ಮೈಸೂರಿನಿಂದ ಬೆಳಗಿನ ಮೊದಲ ಬಸ್ಸಿನಲ್ಲಿ,
ಕಂಡಕ್ಟರನ ಸೀಟಿನಡಿ, ಐಸಿನೊಳಗೆ ಬಂದವು.
ಅಲ್ಲಿಯವರೆಗೆ ಅವನು ಇದ್ದ.

"ಲೈನ್ ಮನೆಯಿಂದ್ಲೇ ತಂದಿರ್ತಾನೆ," ಎಂದರು ಸಿಸ್ಟರ್ ಲಿಲ್ಲಿ,
"ಅಲ್ಲಿ ನೀರಾದ್ರೂ ಎಲ್ಲಿದೆ?"
ನಾನು ಏನೂ ಹೇಳದೆ ಒಂದು ಹತ್ತಿಕಡ್ಡಿ ಹಿಡಿದು
ಅವರದೇ ವಾರ್ಡಿನ ಸಿಂಕಿಗೆ ಹೋದೆ,
ನಾವೆಲ್ಲ ಕೈ ತೊಳೆಯುವ ಸಿಂಕಿಗೆ,
ಜಾಲರಿ ಎತ್ತಿ, ಕೊಳವೆಯ ಗಂಟಲಿಗೆ ಕಡ್ಡಿಯಿಳಿಸಿದೆ.

ಎರಡನೆಯ ದಿನ, ಹತ್ತೊಂಬತ್ತನೆಯ ಪಟ್ಟಿ.
ಅದೇ ಅಕ್ಷರ. ಈ ಸಲ ಕಾಯಿಸಲೂ ಇಲ್ಲ,
ಕುಂಕುಮದಂತೆ ಎದ್ದು ಬಂತು.
ಗೆರೆ ಒಂದೇ ಎಂದರೆ ಮನೆಯೂ ಒಂದೇ ಎಂದಲ್ಲ,
ಅದು ಇನ್ನೂ ದೊಡ್ಡ ಪರೀಕ್ಷೆ. ಗೊತ್ತು.
ಆದರೂ ರಿಜಿಸ್ಟರಿನಲ್ಲಿ 'ಸ್ಥಳ' ಎಂಬಲ್ಲಿ
ಸಿಂಕು ಎಂದು ಬರೆಯುವಾಗ
ನನ್ನ ಮನಸ್ಸು ಬರೆದದ್ದು: ಐನ್‌ಮನೆ.

ನಾಣಯ್ಯ ಸರ್ ಬೈದರು, ಪಟ್ಟಿಯ ಲೆಕ್ಕಕ್ಕೆ.
ಆಮೇಲೆ ತಾವೇ ಹೋಗಿ ಪ್ಲಂಬರನನ್ನು ಕರೆತಂದರು.

ಹನ್ನೆರಡನೆಯ ದಿನ ರಕ್ತ ತೆಗೆಯಲು ಹೋದೆ.
ಬೊಳಕ ದಿಂಬಿಗೊರಗಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದ,
ಜ್ವರ ಬಿಟ್ಟ ಕಣ್ಣು ಇನ್ನೂ ಮುಖಕ್ಕೆ ದೊಡ್ಡದು.
ನನ್ನ ಕೈ, ಸೂಜಿ, ಬಿಲ್ಲೆಯ ಮೇಲಿನ ಹೆಸರು ನೋಡಿ,
ತೋಟದ ಅಮ್ಮಂದಿರು ಕೇಳುವುದನ್ನು
ಕೇಳಿ ಕೇಳಿ ಕಲಿತದ್ದೋ ಏನೋ:
"ಅಕ್ಕ, ನೀವು ಯಾವ ಒಕ್ಕ?"

ಸಿಂಕಿಗೆ ಹಳದಿ ಟೇಪು ಬಿಗಿದಿತ್ತು.
ಗೋಡೆಯ ಬಾಟಲಿ ಒತ್ತಿ ದ್ರಾವಣ ತಿಕ್ಕಿಕೊಂಡೆ,
ಬೆರಳ ಸಂದುಗಳಲ್ಲಿ, ಉಗುರಿನ ಬುಡದಲ್ಲಿ,
ಪೂರ್ತಿ ಆರುವವರೆಗೆ
ಏನೂ ಹೇಳಲಾಗಲಿಲ್ಲ.