ಶನಿವಾರಕ್ಕೆ ಶೇಕಡಾ ಎಪ್ಪತ್ತು

ಗುರುವಾರ, ಬೆಳಗಿನ ಜಾವ ಮೂರೂ ನಲವತ್ತು.
ಕಾಫಿ ಆರಿದೆ. ಪರದೆಯ ಮೇಲೆ
ರಾಕಿ ಬೆಟ್ಟಗಳನ್ನು ಇಳಿದ ಒಂದು ವಾಯುಭಾರ ಕುಸಿತ
ನಿದ್ದೆಗಣ್ಣಿನ ಎಮ್ಮೆಯ ಹಾಗೆ
ಡಕೋಟಾದ ಬಯಲಿನ ಕಡೆ ಮೈ ತಿರುಗಿಸುತ್ತಿದೆ.

ನಾನು ಬರೆಯಬೇಕಾದ್ದು ನಾಲ್ಕೇ ಸಾಲು:
ಶುಕ್ರವಾರ ಸಂಜೆಯಿಂದ ಮೋಡ.
ಶನಿವಾರ ಮಳೆ, ಶೇಕಡಾ ಎಪ್ಪತ್ತು.
ಗರಿಷ್ಠ ನಲವತ್ತನಾಲ್ಕು (ಫ್ಯಾರನ್‌ಹೀಟು; ಬೆವರಿಗಲ್ಲ, ಸ್ವೆಟರಿಗೆ).
ಭಾನುವಾರ ನಸುಕಿಗೆ ಮಳೆಯೊಳಗೆ ಹಿಮ ಬೆರೆತೀತು.

'ಬೆರೆತೀತು' ಅನ್ನುವ ಆ ಒಂದು ದೀರ್ಘದ ಮೇಲೆ
ಇಪ್ಪತ್ತೆರಡು ವರ್ಷ ಸಂಬಳ ತಿಂದಿದ್ದೇನೆ.

ಆರಕ್ಕೆ ಫೋನು ಶುರು.
ಡೆಲ್ಮರ್ ಶೋಕ್‌ನ ಗೋಧಿ ಬಿತ್ತನೆ ಅರ್ಧಕ್ಕೆ ನಿಂತಿದೆ,
ಅವನಿಗೆ ಇಂಚು ಬೇಕು, ಶೇಕಡಾ ಬೇಡ.
ಶಾಲೆಯವರಿಗೆ ಬೇಸ್‌ಬಾಲ್ ಪಂದ್ಯದ ಚಿಂತೆ.
ಹೆಸರು ಹೇಳದ ಒಬ್ಬಾಕೆಯ ಮಾತಿನ ಹಿಂದೆ,
ಅಡುಗೆಮನೆಯಲ್ಲೇ ಇರಬೇಕು,
ಆಗತಾನೆ ಹುಟ್ಟಿದ ಕರುವಿನ ಒದ್ದೆ ಕೂಗು.

ಕೊನೆಗೆ ಆರ್ವಿಡ್, ಚರ್ಚಿನ ಗುಂಡಿ ತೋಡುವವ.
ಅವನು ಹವೆ ಕೇಳುವವನಲ್ಲ, ಹೇಳುವವನು:
"ಸಲಾಕೆ ಇವತ್ತು ಪೂರ್ತಿ ಇಳೀತು.
ತಳದಲ್ಲೂ ಠಣ್ ಅನ್ನಲಿಲ್ಲ. ಮಣ್ಣು ಹದಕ್ಕೆ ಬಂದಿದೆ."

ನಮ್ಮ ಸೀಮೆಯಲ್ಲಿ ಜನವರಿಯಲ್ಲಿ ಸತ್ತವರು ಕಾಯಬೇಕು.
ನೆಲ ನಾಲ್ಕಡಿ ಆಳಕ್ಕೆ ಕಲ್ಲು.
ದಿಬ್ಬದ ಪಕ್ಕದ ಇಟ್ಟಿಗೆ ಕೋಣೆಯಲ್ಲಿ
ಹೆಸರಿನ ಚೀಟಿ ಅಂಟಿಸಿಕೊಂಡು ಮಲಗಿರುತ್ತಾರೆ, ಏಪ್ರಿಲ್ ತನಕ.
ಈ ಸಲ ಮೂವರು. ಮೂರನೆಯವಳು ಗುಡ್ರುನ್ ಟ್ವೇಟ್.

ಅವಳ ಮುಖ ನಾನು ನೋಡಿದ್ದು ಎರಡೇ ಸಲ.
ಗೊತ್ತಿದ್ದದ್ದು ದನಿ: ದಿನವೂ ಏಳೂ ಐದಕ್ಕೆ,
ಹಿತ್ತಿಲ ಮಳೆಮಾಪಕದಲ್ಲಿ ಕೋಲು ಅದ್ದಿ ಬಂದು,
ನಲವತ್ತೊಂದು ವರ್ಷ, ಕೂಲಿಯಿಲ್ಲದೆ.
ಬರಗಾಲದ ಎರಡು ವರ್ಷವೂ ಬಿಡಲಿಲ್ಲ:
"ಸೊನ್ನೆ."
"ಇವತ್ತೂ ಸೊನ್ನೆ ಮಗಾ, ಬರ್ಕೋ."
ಸೊನ್ನೆ ತಿಳಿಸಲು ಫೋನ್ ಯಾಕೆ ಅಂತ ಒಮ್ಮೆ ಕೇಳಿ
ಬೈಸಿಕೊಂಡಿದ್ದೇನೆ.
"ಸುಮ್ಮನಿದ್ದರೆ, ನಾನು ನೋಡಲಿಲ್ಲವೋ
ಅದು ಬರಲಿಲ್ಲವೋ, ನಿನಗೆ ಹೇಗೆ ತಿಳೀತದೆ?"

ಎಪ್ಪತ್ತು ಅಂದರೆ ಸಾಕು, ಅವಳು ನಗುತ್ತಿದ್ದಳು:
"ಉಳಿದ ಮೂವತ್ತು ಎಲ್ಲಿ ಬೀಳುತ್ತೆ?"

ಶನಿವಾರ ಹನ್ನೊಂದಕ್ಕೆ ಅದು ಅವಳ ಮೇಲೇ ಬಿತ್ತು.
ಮಳೆಯಿಲ್ಲ. ಗಾಳಿ ಮಾತ್ರ,
ಪಾದ್ರಿಯ ಹಾಳೆಗಳ ಮೇಲೆ ಎರಡೆರಡು ಕೈ.
ಪಕ್ಕದ ಬೇಲಿಗೂಟದ ಮೇಲೆ ಹಳದಿ ಎದೆಯ ಒಂದು ಹಕ್ಕಿ,
ಇಂಥ ಚಳಿಯಲ್ಲಿ ಹಾಡುವುದೋ ಬೇಡವೋ ಅಂತ ನಾಲ್ಕು ಸ್ವರ.
ಹಳ್ಳದಾಚೆ ಡೆಲ್ಮರ್ ಟ್ರ್ಯಾಕ್ಟರ್ ನಿಲ್ಲಿಸಿ
ಟೋಪಿ ತೆಗೆದ; ಎರಡು ನಿಮಿಷ; ಮತ್ತೆ ಹತ್ತಿದ.
ಅವನನ್ನು ದೂರಲಾರೆ. ಆಕಾಶ ಪಶ್ಚಿಮದಲ್ಲಿ ಸೀಸದ ಬಣ್ಣ.

ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ತುಂಬಿದ ಬನ್ನು,
ನೀರು ನೀರು ಕಾಫಿ. ಆಗ ಸದ್ದಾಯಿತು ಕಿಟಕಿಗೆ.
ಒಬ್ಬೊಬ್ಬರೇ ಮಾತು ನಿಲ್ಲಿಸಿದರು.
ಆರ್ವಿಡ್ ಎದ್ದು ಟಾರ್ಪಾಲು ಹುಡುಕಿಕೊಂಡು ಹೋದ.

ಭಾನುವಾರ ಏಳಕ್ಕೆ ನಾನು ಅವಳ ಹಿತ್ತಿಲಲ್ಲಿದ್ದೆ.
ರಜೆಯ ದಿನ; ಯಾರೂ ಕಳಿಸಿರಲಿಲ್ಲ.
ಬೀಗ ಹಾಕಿದ ಮನೆ, ಚರಂಡಿಪಂಪಿನ ಗೊಣಗು.
ಮಳೆಗೆ ಹಿಮ ಬೆರೆತಿತ್ತು.
ಫ್ಲಾಸ್ಕಿನ ಬಿಸಿನೀರು ಅಳೆದು ಸುರಿದೆ, ಕರಗಿಸಿದೆ,
ಸುರಿದದ್ದನ್ನು ಕಳೆದೆ. ಕೋಲಿನ ಮೇಲೆ ಒದ್ದೆಯ ಗೆರೆ:
ಇಂಚಿನ ನೂರರಲ್ಲಿ ಅರವತ್ತೆರಡು.

ಏಳೂ ಐದಕ್ಕೆ ಕಚೇರಿಗೆ ಫೋನು ಮಾಡಿದೆ.
ಪಾಳಿಯಲ್ಲಿದ್ದ ಹೊಸ ಹುಡುಗ ಅಂಕಿ ಬರೆದುಕೊಂಡು,
"ಅಳೆದವರ ಹೆಸರು?" ಎಂದ.

ಬೆರಳು ಚಳಿಗೆ ಸೆಟೆದಿದ್ದವು.
"ಹಳೆಯದೇ ಇರಲಿ," ಅಂದೆ,
"ಈ ತಿಂಗಳ ಮಟ್ಟಿಗೆ."