ಅನಾಮತ್ತು

ಮ್ಯೂಸಿಯಂ ಬಾಡಿಗಿಗಿ ಕೊಡ್ಲತ್ತಾರ ಈಗ.
ಕಲಬುರಗಿ ಬಿಸಲು ಇಳಿದ ಮ್ಯಾಲ, ಆರರಿಂದ ಹತ್ತೂವರಿ ತನಕ,
ಹುಲ್ಲಿನ ಅಂಗಳ, ಗಾಜಿನ ಪಡಸಾಲಿ,
ಶಹಾಬಾದಿ ಫರಸಿ ಮ್ಯಾಲ ಇನ್ನೂರು ಖುರ್ಚಿ.
ಎಣ್ಣಿ ಇಲ್ಲ, ಬೆಂಕಿ ಇಲ್ಲ, ವಸ್ತು ಮುಟ್ಟಂಗಿಲ್ಲ.
ಅನಾಮತ್ತು ಇಪ್ಪತ್ತೈದು ಸಾವಿರ. ಬರಕೊಳ್ಳಾಂವ ನಾನು.

ದಾಲ್ ಮಿಲ್ಲಿನವರ ಮಗಳ ಎಂಗೇಜ್‌ಮೆಂಟ್.
ತೌಸೀಫ್ ಎಳೆದ ಲೈಟಿನ ವೈರು
ನೂರಾ ಹದಿನಾಕನೇ ಕಲ್ಲಿನ ಮಗ್ಗಲಕ್ಕ ಬಂದು ನಿಂತಾಗ
ಹುಡುಗಿ ಅವ್ವ ಮಹಾನಂದಾ ಕೇಳಿದಳು: ಇದೇನ್ರೀ?

ವೀರಗಲ್ರಿ. ದನ ಬಿಡಿಸಾಕ ಹೋಗಿ ಸತ್ತಾಂವ.

'ಸತ್ತಾಂವ' ಅಂದದ್ದೇ ತಪ್ಪಾತು.
ಶುಭಕಾರ್ಯ ಅದ, ಫೋಟೋದಾಗ ಬರ್ತದ, ತಗೀರಿ ಅಂದ್ರು.
ತಗಿಲಾಕ ಎಂಟು ಮಂದಿ ಬೇಕು, ಅರ್ಜಿ ಧಾರವಾಡಕ್ಕ ಹೋಗಬೇಕು ಅಂದೆ.
ಹಳದಿ ಶಾಲು ಹೊದಿಸಿ ಚೆಂಡುಹೂ ಇಳಿಬಿಟ್ರು.

ಅಷ್ಟು ಸಾಕಾಗಿತ್ತು.
ಆಳಂದದಿಂದ ಬಂದ ಮುದುಕಿ ಮೊದಲು ಚಪ್ಪಲಿ ಬಿಟ್ಟಳು.
ಹಿಂದ ಸೂಟಿನವರು. ಆಮ್ಯಾಲ ಹುಡುಗ, ಹುಡುಗಿ,
ಹೊಸ ಉಂಗುರದ ಕೈ ಜೋಡಿಸಿ.
ಅಕ್ಕಿಕಾಳು, ಕುಂಕುಮ, ಅರಿಷಿಣ, ಹತ್ತರ ನೋಟು.
ಯಾವ ದೇವರಂತ ಯಾರೂ ಕೇಳಲಿಲ್ಲ.
ಡಿಜೆ ಹುಡುಗ ತಾನೇ ಸಪ್ಪಳ ತಗ್ಗಿಸಿದ.

ಮುಂಜಾನಿ ಹಲ್ಲುಜ್ಜೋ ಬ್ರಶ್ಶಿಲೆ
ನಂಬರಿನ ಮ್ಯಾಲಿನ ಅರಿಷಿಣ ತಿಕ್ಕಿದೆ.
ನೂರಾ ಹದಿನಾಕು ಹೊರಗ ಬಂತು.
ಮುರಿದ ಮೂಗಿನ ಸಂದಿನ ಕುಂಕುಮ ಹೋಗಲಿಲ್ಲ;
ನಾನೂ ಭಾಳ ಹೊತ್ತು ತಿಕ್ಕಲಿಲ್ಲ.

ವಹಿಯೊಳಗ ಒಂದು ಮನಿ ಅದ: ಹಾನಿ.
'ಇಲ್ಲ' ಅಂತ ಬರದು
ಅನಾಮತ್ತು ವಾಪಸ್ ಕೊಟ್ಟೆ.
ಹತ್ತರ ನೋಟು ಮೂವತ್ತೊಂದು ಉಳದಾವ ಮೇಜಿನ ಮ್ಯಾಲ.
ಯಾರ ಹೆಸರಿಗಿ ಜಮಾ ಮಾಡ್ಲಿ?